ಆಟಗಾರನ ಮನಸ್ಸು, ಸಲಹೆಗಾರನ ನೋಟ್‌ಬುಕ್



ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನು ನೀವು ನೋಡಿರುತ್ತೀರಿ. ಅಲ್ಲಿನ ಹುಡುಗನೊಬ್ಬ ಪೆನಾಲ್ಟಿಯನ್ನು ಹೊರಗೆ ಹೊಡೆದರೆ "ಟೆನ್ಷನ್ ಮಾಡ್ಕೋಬೇಡ" ಎನ್ನಲು ಹತ್ತು ಜನ ಇರುತ್ತಾರೆ. ಆ ಮಾತು ಅವನಿಗೆ ಏನು ಮಾಡಿತು ಎಂದು ಆಮೇಲೆ ಯೋಚಿಸುವವರು ವಿರಳ. ಹಾಗೆ ಯೋಚಿಸುವುದು ಕ್ರೀಡಾ ಮನೋವಿಜ್ಞಾನಿಯ ವೃತ್ತಿಯ ಭಾಗ.

ಪ್ಯಾಡಿ ಅಪ್ಟನ್ ಹೆಸರನ್ನು ಕೇಳಿರಬಹುದು. 2011ರ ಕ್ರಿಕೆಟ್ ವಿಶ್ವಕಪ್ ಗೆದ್ದ ಭಾರತ ತಂಡಕ್ಕೆ ಮಾನಸಿಕ ತರಬೇತಿ ಕೊಟ್ಟವರು. 2023ರಲ್ಲಿ ಹಾಕಿ ತಂಡದೊಂದಿಗೆ ಸೇರಿದರು. ಅದೇ ವರ್ಷ ಹಾಂಗ್‌ಝೌನಲ್ಲಿ ಚಿನ್ನ, 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು. ಪದಕ ಬಂದರೆ ಸಲಹೆಗಾರ ಗೆದ್ದ ಎಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಗೋಲು ಬಿದ್ದದ್ದು ಸಲಹೆಯಿಂದಲೋ, ಎದುರಾಳಿ ಗೋಲ್‌ಕೀಪರ್ ಜಾರಿದ್ದರಿಂದಲೋ ಎಂಬುದನ್ನು ಪದಕ ಹೇಳುವುದಿಲ್ಲ. ಸಲಹೆಗಾರ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿಕೊಳ್ಳಬೇಕು.

ಡೊನಾಲ್ಡ್ ಶೋನ್ 1983ರ ತಮ್ಮ ಪುಸ್ತಕದಲ್ಲಿ ಇದನ್ನು ಎರಡು ಬಗೆಯಾಗಿ ವಿಂಗಡಿಸಿದರು: ಕೆಲಸದ ನಡುವೆಯೇ ಯೋಚಿಸುವುದು, ಮುಗಿದ ಮೇಲೆ ಯೋಚಿಸುವುದು. 2004ರಲ್ಲಿ ಆಂಡರ್ಸನ್, ನೋಲ್ಸ್, ಗಿಲ್ಬೋರ್ನ್ ಎಂಬ ಮೂವರು ಕ್ರೀಡಾ ಮನೋವಿಜ್ಞಾನಿಗಳಿಗಾಗಿಯೇ ಈ ವಿಷಯದ ಲೇಖನ ಬರೆದರು. ಬಿ.ಎಡ್. ಮಾಡಿದವರಿಗೆ ಇದು ಹೊಸದಲ್ಲ. (ಪಾಠಯೋಜನೆಯ ಕೊನೆಗೆ "ಉದ್ದೇಶ ಈಡೇರಿತು" ಎಂಬ ಒಂದೇ ಸಾಲು ವರ್ಷಪೂರ್ತಿ ಓಡುವುದೂ ಉಂಟು!)

ಒಂದು ಉದಾಹರಣೆ ಊಹಿಸಿಕೊಳ್ಳಿ. ಶಿವಾಜಿನಗರದ ಹುಡುಗಿ, 400 ಮೀಟರ್ ಓಟಗಾರ್ತಿ, ಸ್ಪರ್ಧೆಯ ಹಿಂದಿನ ದಿನ ಅಳುತ್ತಾಳೆ. ಮನೋವಿಜ್ಞಾನಿ ಕೂಡಲೇ ಉಸಿರಾಟದ ಅಭ್ಯಾಸ ಹೇಳಿಕೊಡುತ್ತಾರೆ. ಅವಳು ಕಣ್ಣೊರೆಸಿಕೊಂಡು "ಥ್ಯಾಂಕ್ಯೂ ಮೇಡಂ" ಎಂದು ಹೋಗುತ್ತಾಳೆ. ಮೇಲುನೋಟಕ್ಕೆ ಯಶಸ್ಸು. ಆ ರಾತ್ರಿ ನೋಟ್‌ಬುಕ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಉಸಿರಾಟ ಅವಳಿಗೆ ಬೇಕಾಗಿತ್ತೋ, ಅಥವಾ ಅವಳ ಕಣ್ಣೀರು ನನ್ನಿಂದ ಸಹಿಸಲಾಗಲಿಲ್ಲವೋ? ಎರಡು ನಿಮಿಷ ಸುಮ್ಮನಿದ್ದಿದ್ದರೆ ಮನೆಯಲ್ಲಿ ಓಟ ನಿಲ್ಲಿಸು ಎನ್ನುತ್ತಿರುವ ವಿಷಯ ಹೊರಬರುತ್ತಿತ್ತೋ? ಮನೆಯಲ್ಲಿ ದಖ್ಖನಿ ಮಾತನಾಡುವವಳೊಂದಿಗೆ ನಾನು ಇಂಗ್ಲಿಷಿನಲ್ಲೇ ಏಕೆ ಮಾತನಾಡಿದೆ? ಭಾಷಾ ಶಿಕ್ಷಕನಾದ ನನಗೆ ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆಯಾಗಿ ತೋರುತ್ತದೆ. ಅಳು ಸಾಮಾನ್ಯವಾಗಿ ಮನೆಭಾಷೆಯಲ್ಲೇ ಬರುತ್ತದೆ.

ಒಬ್ಬರೇ ಬರೆದುಕೊಂಡರೆ ನಮ್ಮನ್ನು ನಾವೇ ಸಮರ್ಥಿಸಿಕೊಳ್ಳುವ ಅಪಾಯವಿದೆ. ಆದ್ದರಿಂದ ಬ್ರಿಟನ್ನಿನಲ್ಲಿ ತರಬೇತಿಯಲ್ಲಿರುವವರು ಹಿರಿಯ ಮಾರ್ಗದರ್ಶಕರ ಮುಂದೆ ಇಂಥ ಬರಹಗಳನ್ನು ಚರ್ಚಿಸಬೇಕು. ಶಾಲೆಗಳಲ್ಲಿ ಆಟದ ಮಕ್ಕಳಿಗೆ ಸಲಹೆ ನೀಡುವ ನಾವೂ ತಿಂಗಳಿಗೊಮ್ಮೆ ಇಬ್ಬರು ಮೂವರು ಕುಳಿತು ಹೀಗೆ ಮಾಡಬಹುದು. ಆ ನೋಟ್‌ಬುಕ್‌ನಲ್ಲಿ ಮಗುವಿನ ಹೆಸರು ಬರೆಯಬೇಡಿ, ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಟ್ಟುಹೋಗಬೇಡಿ.