ಹಳೆಯ ಗಾಡಿ, ಹೊಸ ಯಂತ್ರ

ಅಜ್ಜನ ಕಾಲದ ಮನೆಯ ಜಗಲಿ, ಕಂಬ, ತಲೆಬಾಗಿಲುಗಳನ್ನು ಹಾಗೆಯೇ ಉಳಿಸಿಕೊಂಡು, ಒಳಗೆ ಮಾತ್ರ ವಿದ್ಯುದ್ದೀಪ, ನಲ್ಲಿ, ಹೊಸ ಒಲೆಗಳನ್ನು ಹಾಕಿಸಿಕೊಂಡವರನ್ನು ನಾವು ಬಲ್ಲೆವು. ಅಮೆರಿಕದಲ್ಲಿ ಹಳೆಯ ಮೋಟಾರು ಕಾರುಗಳಿಗೆ ಇದೇ ಉಪಚಾರ ಮಾಡುವವರುಂಟು. ಹೊರಗೆ ಹಳೆಯ ರೂಪ, ಒಳಗೆ ಹೊಸ ಯಂತ್ರ. ಅಂಥ ಗಾಡಿಗೆ ಅಲ್ಲಿ ‘ಸ್ಟ್ರೀಟ್ ರಾಡ್’ ಎಂದು ಹೆಸರು.

ಈ ಹವ್ಯಾಸ ಬೆಳೆದುದು ಮುಖ್ಯವಾಗಿ ಕ್ಯಾಲಿಫೋರ್ನಿಯದ ದಕ್ಷಿಣ ಭಾಗದಲ್ಲಿ. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ವಿ-8 ಯಂತ್ರವನ್ನು ಸಾಮಾನ್ಯರ ಕೈಗೆಟಕುವ ಕಾರಿನಲ್ಲಿಟ್ಟು ಮಾರಿತು. ಅದರ ಬಲ 65 ಅಶ್ವಶಕ್ತಿ, ಗಾಡಿಯೋ ಹಗುರ. ತರುಣರು ಹಳೆಯ ಫೋರ್ಡುಗಳನ್ನು ಅಗ್ಗದಲ್ಲಿ ಕೊಂಡು, ಮಡ್‌ಗಾರ್ಡುಗಳನ್ನು ಕಳಚಿ, ಯಂತ್ರವನ್ನು ತಿದ್ದಿ, ಮೊಹಾವಿ ಮರುಭೂಮಿಯ ಬತ್ತಿದ ಕೆರೆಗಳ ಅಂಗಳದಲ್ಲಿ ಓಡಿಸಿ ವೇಗವನ್ನು ಅಳೆಯುತ್ತಿದ್ದರು. 1937ರಲ್ಲಿ ಅವರ ಕೂಟಗಳೆಲ್ಲ ಸೇರಿ ಒಂದು ಸಂಘವಾಯಿತು. 1948ರಲ್ಲಿ ‘ಹಾಟ್ ರಾಡ್’ ಎಂಬ ಪತ್ರಿಕೆಯೂ ಹುಟ್ಟಿತು.

ಆಗ ಸೆಡಾನಿಗೆ ಅಷ್ಟು ಮರ್ಯಾದೆಯಿರಲಿಲ್ಲ. ಮುಚ್ಚಿದ ಮೈ, ಎತ್ತರದ ತಲೆ, ಹೆಚ್ಚು ಭಾರ. ವೇಗಪ್ರಿಯರು ಬಯಸಿದ್ದು ತೆರೆದ ರೋಡ್‌ಸ್ಟರನ್ನು. ಕಾಲ ಕಳೆಯಿತು, ತರುಣರು ಸಂಸಾರಿಗಳಾದರು. ಮಳೆಗೆ ನೆನೆಯದೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗಲು ಸೆಡಾನೇ ಸರಿಯೆಂದು ಹಲವರಿಗೆ ತೋರಿತು. 1970ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯದಲ್ಲಿ ಸ್ಟ್ರೀಟ್ ರಾಡುಗಳ ಮೊದಲ ರಾಷ್ಟ್ರೀಯ ಮೇಳ ನಡೆಯಿತು.

ಯಂತ್ರ ಬದಲಾಯಿಸಿದೊಡನೆ ಕೆಲಸ ಮುಗಿಯಿತೇ? ಇಲ್ಲ, ಅಲ್ಲಿಂದಲೇ ಆರಂಭ. 1932ರ ಫೋರ್ಡಿನ ಬ್ರೇಕು ಕಂಬಿಗಳಿಂದ ಎಳೆಯುವಂಥದು. ದ್ರವದ ಒತ್ತಡದ ಬ್ರೇಕು ಫೋರ್ಡ್ ಕಾರಿಗೆ ಬಂದುದು 1939ರಲ್ಲಿ. 65 ಇದ್ದಲ್ಲಿ 300 ಅಶ್ವಶಕ್ತಿಯನ್ನು ಕೂರಿಸಿ ಹಳೆಯ ಬ್ರೇಕನ್ನೇ ನೆಚ್ಚಿದರೆ ಗಾಡಿ ಓಡೀತು, ನಿಲ್ಲದು. ಆದ್ದರಿಂದ ಬಲ್ಲವರು ಮೊದಲು ಅಡಿಗಟ್ಟನ್ನು ಬಲಪಡಿಸುತ್ತಾರೆ. ಡಿಸ್ಕ್ ಬ್ರೇಕು, ಹೊಸ ಸ್ಟಿಯರಿಂಗು, ಸೀಟಿನ ಪಟ್ಟಿಗಳನ್ನು ಹಾಕುತ್ತಾರೆ. ಹಳೆಯ ಸೆಡಾನಿನ ಮಾಡಿನ ನಡುಭಾಗ ಬಟ್ಟೆಯದು. ಅಲ್ಲಿ ಉಕ್ಕಿನ ತಗಡನ್ನು ಬೆಸೆಯುತ್ತಾರೆ. ಕೆಲವರು ಕಿಟಕಿಯ ಕಂಬಗಳನ್ನು ಕೆಲವು ಅಂಗುಲ ಕತ್ತರಿಸಿ ಮಾಡನ್ನೇ ತಗ್ಗಿಸುವುದುಂಟು.

ಇಲ್ಲಿಯೇ ಜಗಳ. ಹಳೆಯದನ್ನು ಇದ್ದಂತೆಯೇ ಕಾಪಾಡಬೇಕೆನ್ನುವವರಿಗೆ ಈ ಕತ್ತರಿ ಪ್ರಯೋಗ ಸಹಿಸದು. ಅವರ ಮಾತಿನಲ್ಲಿ ನ್ಯಾಯವಿದೆ. ಬದಲಿಸಿದ ಯಂತ್ರವನ್ನು ಮತ್ತೆ ಕೂರಿಸಬಹುದು. ಕತ್ತರಿಸಿದ ಕಂಬ ಮೊದಲಿನಂತೆ ಕೂಡದು. ಆದರೆ ಬೀದಿಯಲ್ಲಿ ಓಡದೆ ಕೊಟ್ಟಿಗೆಯಲ್ಲಿ ಹೊದಿಕೆಯಡಿ ಕುಳಿತ ಕಾರಿಗೂ ಚಿತ್ರದ ಕಾರಿಗೂ ಏನು ಭೇದವೆಂದು ಮತ್ತೊಬ್ಬರು ಕೇಳುತ್ತಾರೆ.

ನನ್ನ ಮಟ್ಟಿಗೆ ಹೇಳುವುದಾದರೆ, ಎಲ್ಲ ಅಂಗಗಳೂ ಇದ್ದು ಉಳಿದು ಬಂದ ಗಾಡಿಯನ್ನು ಮುಟ್ಟದಿರುವುದೇ ಲೇಸು. ಅದು ತನ್ನ ಕಾಲಕ್ಕೆ ಸಾಕ್ಷಿ. ಯಂತ್ರ ಕಳೆದುಕೊಂಡು ಹೊಲದ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದ ಬರಿಯ ಮೈಯೊಂದಿದ್ದರೆ, ಅದಕ್ಕೆ ಹೊಸ ಜೀವ ಕೊಟ್ಟವನನ್ನು ದೂರುವುದು ತರವಲ್ಲ. ಕತ್ತರಿ ಎತ್ತುವ ಮುನ್ನ ಎದುರಿಗಿರುವುದು ಇವೆರಡರಲ್ಲಿ ಯಾವುದೆಂದು ನೋಡಿಕೊಂಡರೆ ಸಾಕು.