ಶುಭಸಂದೇಶ ಪ್ರಸಾರ: ನಮ್ಮೆಲ್ಲರ ಹೊಣೆ

(ಶತಮಾನೋತ್ಸವದ ಅಂಗವಾಗಿ ನಡೆದ ಧ್ಯಾನಕೂಟದಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭಸಂದರ್ಭದಲ್ಲಿ ದೇವರಿಗೆ ಕೃತಜ್ಞತೆ ಸಲ್ಲಿಸೋಣ. ಆದರೆ ಈ ಸಂತೋಷದ ನಡುವೆಯೂ ನನ್ನ ಮನಸ್ಸನ್ನು ಚುಚ್ಚುತ್ತಿರುವ ಒಂದು ಮಾತನ್ನು ತಮ್ಮ ಮುಂದಿಡಬೇಕಾಗಿದೆ.

ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ ವೃದ್ಧರೊಬ್ಬರು ಹಾಸಿಗೆ ಹಿಡಿದಿದ್ದರು. ಪರಮಪ್ರಸಾದವನ್ನು ಕೊಂಡೊಯ್ದಾಗ ಅವರು ಹೇಳಿದರು: "ಸ್ವಾಮಿ, ನಾನು ಗುಡಿಗೆ ಬಾರದೆ ಆರು ವರ್ಷವಾಯಿತು. ಏಕೆ ಬರಲಿಲ್ಲವೆಂದು ಒಬ್ಬರೂ ಕೇಳಲಿಲ್ಲ." ಅವರ ಮನೆ ದೇವಾಲಯದ ಹಿಂದಿನ ಬೀದಿಯಲ್ಲಿಯೇ ಇತ್ತು. ಆ ಆರರಲ್ಲಿ ಎರಡು ವರ್ಷ ಅಲ್ಲಿ ಗುರುವಾಗಿದ್ದವನು ನಾನೇ. ಅವರಿಗೆ ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ.

ಶುಭಸಂದೇಶ ಪ್ರಸಾರವೆಂದೊಡನೆ ನಾವು ದೂರದ ನಾಡುಗಳನ್ನೂ ಗುರುಗಳನ್ನೂ ನೆನೆಯುತ್ತೇವೆ. ಆದರೆ ಧರ್ಮಸಭೆಯು ಸ್ವಭಾವತಃ ಪ್ರೇಷಿತ ಸಭೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸಾರಿತು. ಸ್ನಾನದೀಕ್ಷೆ ಪಡೆದ ಪ್ರತಿಯೊಬ್ಬ ಗೃಹಸ್ಥನೂ ಈ ಕಾರ್ಯದಲ್ಲಿ ಪಾಲುಗಾರನೆಂದು ಬೋಧಿಸಿತು. ಅದೇ ಮಹಾಸಭೆಯು, ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಲಾಗದೆಂದೂ ಸ್ಪಷ್ಟಪಡಿಸಿತು. ಆಮಿಷವಾಗಲಿ ಒತ್ತಾಯವಾಗಲಿ ಕ್ರಿಸ್ತನ ಮಾರ್ಗವಲ್ಲ. ಇಂದಿನ ಜನ ಬೋಧಕರಿಗಿಂತ ಸಾಕ್ಷಿಗಳಿಗೆ ಹೆಚ್ಚು ಕಿವಿಗೊಡುತ್ತಾರೆಂಬುದನ್ನು ಜಗದ್ಗುರು ಆರನೆಯ ಪೌಲರು 1975ರ ತಮ್ಮ ಪ್ರಬೋಧನ ಪತ್ರದಲ್ಲಿ ನೆನಪಿಸಿದರು.

ಇಂತಹ ಸಾಕ್ಷಿಯೊಬ್ಬರು ನಮ್ಮ ನಾಡಿನಲ್ಲಿಯೇ ಬಾಳಿದ್ದರು. ಫ್ರಾನ್ಸಿನಿಂದ ಬಂದ ಗುರು ಅಬೆ ದುಬುವಾ 1799ರ ಯುದ್ಧದ ತರುವಾಯ ಶ್ರೀರಂಗಪಟ್ಟಣಕ್ಕೆ ಬಂದರು. ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿ ಒಗ್ಗೂಡಿಸುವುದು ಅವರ ಮೊದಲ ಕೆಲಸವಾಯಿತು. ಅವರು ಈ ನೆಲದ ಉಡುಪನ್ನು ಧರಿಸಿದರು, ಈ ಜನರ ಊಟವನ್ನು ಉಂಡರು. ಬಡ ಕುಟುಂಬಗಳಿಗಾಗಿ ಕೃಷಿ ನೆಲೆಗಳನ್ನು ಕಟ್ಟಿದರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಲು ಶ್ರಮಿಸಿದರು. ಆದರೂ 1823ರಲ್ಲಿ ಅವರು ಇಲ್ಲಿಂದ ಮರಳಿದಾಗ ಅವರ ಹೃದಯ ಭಾರವಾಗಿತ್ತು. ಈ ದೇಶದಲ್ಲಿ ಕ್ರೈಸ್ತ ವಿಶ್ವಾಸವು ಬೆಳೆಯುವ ಆಸೆ ತಮಗಿಲ್ಲವೆಂದು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಬರೆದರು.

ಅವರು ತಾವು ಸೋತೆವೆಂದು ಭಾವಿಸಿದ್ದರು. ಆದರೆ ಈ ನಾಡಿನ ಊರೂರುಗಳಲ್ಲಿ ಇಂದಿಗೂ ಪೂಜೆಯ ಘಂಟೆ ಮೊಳಗುತ್ತಿದೆ. ಬಿತ್ತುವವನು ಬೆಳೆಯನ್ನು ನೋಡಲೇಬೇಕೆಂಬ ನಿಯಮವಿಲ್ಲ. ನಾವು ಇಂದು ಉಣ್ಣುತ್ತಿರುವುದು ಅನ್ಯರು ಬಿತ್ತಿದ ಬೆಳೆ. ನಮ್ಮ ಮುಂದಿನವರಿಗಾಗಿ ನಾವು ಬಿತ್ತುತ್ತಿರುವುದೇನು?

ದೊಡ್ಡ ಯೋಜನೆಗಳನ್ನು ನಾನು ಕೇಳುತ್ತಿಲ್ಲ. 1833ರಲ್ಲಿ ಪ್ಯಾರಿಸ್ಸಿನ ಕೆಲವೇ ವಿದ್ಯಾರ್ಥಿಗಳು ಬಡವರ ಮನೆಗಳಿಗೆ ಹೋಗತೊಡಗಿದುದರಿಂದ ಸಂತ ವಿನ್ಸೆಂಟ್ ದೆ ಪೌಲರ ಸಭೆ ಹುಟ್ಟಿತು. 1921ರಲ್ಲಿ ಡಬ್ಲಿನ್ನಿನಲ್ಲಿ ಆರಂಭವಾದ ಮರಿಯಮ್ಮನವರ ಸೇನೆಯ ಸದಸ್ಯರು ಇಬ್ಬಿಬ್ಬರಾಗಿ ಮನೆಗಳನ್ನು ಸಂದರ್ಶಿಸುತ್ತಾರೆ. ನಮಗೂ ಈ ದಾರಿ ಸಾಕು. ಭಾನುವಾರದ ಪೂಜೆಯ ನಂತರ ಇಬ್ಬರು ಹೊರಡಲಿ. ಪೂಜೆಗೆ ಬಾರದವರ ಬಾಗಿಲನ್ನು ಮೊದಲು ತಟ್ಟಲಿ. ಏಕೆ ಬರಲಿಲ್ಲವೆಂದು ಗದರಿಸುವುದು ಬೇಡ, "ಹೇಗಿದ್ದೀರಿ?" ಎಂದು ಕೇಳಲಿ. ಕೂಲಿಗಾಗಿ ಪರ ಊರಿನಿಂದ ಬಂದ ಕುಟುಂಬಕ್ಕೆ ದೇವಾಲಯದ ದಾರಿಯನ್ನೂ ಮಕ್ಕಳ ಶಾಲೆಯ ದಾರಿಯನ್ನೂ ತೋರಿಸಲಿ. ನೆರೆಯ ಹಿಂದೂ, ಮುಸಲ್ಮಾನ ಬಂಧುಗಳ ಸಂಕಟದಲ್ಲಿ ಪ್ರತಿಫಲ ಬಯಸದೆ ನಿಲ್ಲಲಿ. ನಮ್ಮ ನಿರೀಕ್ಷೆಗೆ ಕಾರಣವೇನೆಂದು ಅವರು ಕೇಳಿದರೆ ಯೇಸುಸ್ವಾಮಿಯ ಹೆಸರನ್ನು ಹೇಳಲು ನಾಚದಿರಲಿ, ವಿನಯವನ್ನು ಬಿಡದಿರಲಿ.

ನೂರು ವರ್ಷಗಳಿಂದ ನಮ್ಮ ಘಂಟೆ ಜನರನ್ನು ಒಳಗೆ ಕರೆದಿದೆ. ಪೂಜೆ ಮುಗಿದೊಡನೆ "ಹೋಗಿಬನ್ನಿ" ಎಂದು ಗುರುಗಳು ಹೇಳುವ ಮಾತು ನಮ್ಮನ್ನು ಹೊರಗೆ ಕಳುಹಿಸುತ್ತದೆ. ಆ ಮಾತನ್ನು ಕೇಳಿ ಮನೆಗೆ ಮಾತ್ರ ಹೋಗುವವರು ನಾವಾಗದಿರಲಿ. ಆ ವೃದ್ಧರ ದೂರನ್ನು ಈ ಧರ್ಮಕೇಂದ್ರದಲ್ಲಿ ಇನ್ನಾರೂ ಹೇಳುವಂತಾಗದಿರಲಿ. ಇದಕ್ಕಾಗಿ ಪವಿತ್ರಾತ್ಮರು ನಮಗೆ ಧೈರ್ಯವನ್ನೂ, ಮಾತೆ ಮರಿಯಮ್ಮನವರು ತಮ್ಮ ಬಿನ್ನಹದ ಆಸರೆಯನ್ನೂ ದಯಪಾಲಿಸಲೆಂದು ಪ್ರಾರ್ಥಿಸುತ್ತೇನೆ.