ತೋಳು ಸಾಲದ ಕಡೆ

ಕಾರು ಹತ್ತಿದ ಕೂಡಲೇ ಕೂಸನ್ನು ಮಡಿಲಿಗೆ ಎಳೆದುಕೊಂಡು ತಬ್ಬಿ ಕೂರುವುದು ನಮ್ಮಲ್ಲಿ ವಾಡಿಕೆ. ತಾಯಿಯ ತೋಳಿಗಿಂತ ಭದ್ರವಾದ ಜಾಗವಿಲ್ಲ ಎಂದು ನಂಬಿದವರು ನಾವಷ್ಟೇ ಅಲ್ಲ. ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಪಟ್ಟುಹಿಡಿದು ಓಡಾಡಿದ್ದರಿಂದ, ಕಾರಿನಲ್ಲಿ ಪುಟ್ಟ ಮಕ್ಕಳಿಗೆ ಸುರಕ್ಷಾ ಆಸನ ಬೇಕೆನ್ನುವ ಕಾನೂನು 1978ರಲ್ಲಿ ಜಾರಿಗೆ ಬಂತು. ಆ ದೇಶಕ್ಕೆ ಅದೇ ಮೊದಲನೆಯದು. ಆದರೆ ಶಾಸಕರು ಅದರಲ್ಲೊಂದು ವಿನಾಯಿತಿ ತೂರಿಸಿದ್ದರು: ದೊಡ್ಡವರು ಎತ್ತಿಕೊಂಡಿದ್ದರೆ ಆಸನ ಬೇಡ. ಸ್ಯಾಂಡರ್ಸ್ ಸುಮ್ಮನಿರಲಿಲ್ಲ. 1981ರಲ್ಲಿ ಆ ವಿನಾಯಿತಿ ರದ್ದಾಯಿತು.

ಆ ಹಟ ನ್ಯಾಯವಾದದ್ದು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗುದ್ದಿ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡಲು ಸುಮಾರು ಎರಡು ಕ್ವಿಂಟಲ್ ಮೂಟೆ ಎತ್ತುವಷ್ಟು ಬಲ ಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ಎಷ್ಟೇ ಪ್ರೀತಿಯಿದ್ದರೂ ತೋಳಿಗೆ ಅದು ಆಗದ ಮಾತು.

2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯ್ದೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಕಡ್ಡಾಯ ಮಾಡಿದೆ. ತಪ್ಪಿದರೆ 1,000 ರೂಪಾಯಿ ದಂಡ. ದಂಡಕ್ಕಿಂತ ನನಗೆ ಭರವಸೆ ಕೊಡುವುದು ಈಗಿನ ಎಳೆಯ ತಂದೆತಾಯಿಯರು. "ಮಗು ಅಳ್ತಿದೆ, ಇಲ್ಲಿ ಕೊಡಮ್ಮ" ಎಂದು ಅಜ್ಜಿ ಕೈಚಾಚಿದರೆ, ಸೊಸೆ ಮೆಲ್ಲಗೆ, "ಗಾಡಿ ಪಕ್ಕಕ್ಕೆ ನಿಲ್ಲಿಸ್ತಾರೆ ಅತ್ತೆ, ಆಗ ಎತ್ಕೊಳ್ಳಿ" ಅನ್ನುತ್ತಾಳೆ. ಹಾಗೆ ಹೇಳಲು ಧೈರ್ಯ ಬೇಕು.

ಆಸನ ಕೊಂಡವರು ಇದೊಂದನ್ನು ಗಮನಿಸಿ: ಹಿಮ್ಮುಖವಾಗಿ ಕೂರಿಸುವ ಶಿಶು ಆಸನವನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇಡಬೇಡಿ, ಅದರ ಜಾಗ ಹಿಂದಿನ ಸೀಟು.